ಕಳೆನಾಶಕವೂ ಮಣ್ಣಿನ ಅಣುಜೀವಿಗಳೂ

ಕಾಳೀ ನದಿಯ ದಂಡೆಯ ಮೌಳಂಗಿಯಲ್ಲಿ ನಮ್ಮದು ಎರಡು ಎಕರೆ ಹೊಲ. ಮುಂಗಾರಿಗೆ ಗೋವಿನಜೋಳ, ಅದನ್ನು ಕೊಯ್ದ ಮೇಲೆ ಉಳಿದ ಹಸಿಯಲ್ಲಿ ಅಲಸಂದೆ. ಹೋದ ವರ್ಷ ಕಳೆ ತೆಗೆಯುವ ಆಳುಗಳು ಸಮಯಕ್ಕೆ ಸಿಗದಿದ್ದುದರಿಂದ, ಬಿತ್ತಿದ ಮರುದಿನವೇ ಅಪ್ಪ ಅಟ್ರಜಿನ್ ಹೊಡೆಸಿದರು. ಜೋಳವೇನೋ ಹುಲುಸಾಗಿ ಬಂದಿತು. ಅಲಸಂದೆ ಮಾತ್ರ ಎಲೆಯಂಚು ಹಳದಿಯಾಗಿ ಮುರುಟಿತು. ಗಿಡ ಕಿತ್ತು ನೋಡಿದೆ. ಬೇರಿನ ಗಂಟುಗಳು ಎಣಿಸುವಷ್ಟೇ ಇದ್ದುವು, ಸೀಳಿದರೆ ಒಳಗೆ ಕೆಂಪಿಲ್ಲ. “ಔಷಧದಿಂದ ಬ್ಯಾಕ್ಟೀರಿಯಾ ಸತ್ತುವು” ಎಂದು ಮನೆಯಲ್ಲಿ ತೀರ್ಪು ಕೊಟ್ಟವನು ನಾನೇ. ಅದು ಆತುರದ ತೀರ್ಪೆಂಬುದು ಪುಸ್ತಕಗಳನ್ನು ತಿರುವಿದ ಮೇಲೆ ತಿಳಿಯಿತು.

ಫಲವತ್ತಾದ ಒಂದು ಗ್ರಾಂ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಅವುಗಳಲ್ಲಿ ರೈಜೋಬಿಯಂ ಎಂಬುದನ್ನು 1888ರಲ್ಲಿ ಹಾಲೆಂಡಿನ ಬೈಯರಿಂಕನು ಬೇರುಗಂಟುಗಳಿಂದ ಬೇರ್ಪಡಿಸಿದನು. ಇದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗಿಡವು ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ. ಕೆಲಸ ನಡೆದಿರುವ ಗಂಟಿನ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿಯೇ ಸರಿ.

ಇನ್ನು ಅಟ್ರಜಿನ್. ಇದು ತಡೆಯುವುದು ಎಲೆಯ ದ್ಯುತಿಸಂಶ್ಲೇಷಣೆಯನ್ನು. ಗೋವಿನಜೋಳ ಅದನ್ನು ತನ್ನೊಳಗೇ ನಿರ್ವಿಷ ಮಾಡಿಕೊಳ್ಳಬಲ್ಲದು. ಅಲಸಂದೆಗೆ ಆ ಶಕ್ತಿ ಸಾಲದು. ರೈಜೋಬಿಯಂ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಜೀವಿಯಲ್ಲವಾದ್ದರಿಂದ ಅದಕ್ಕೆ ಈ ಪೆಟ್ಟು ನೇರವಾಗಿ ತಾಗದು. ಹಸಿದ ಗಿಡ ಸಕ್ಕರೆ ಕೊಡಲಾರದೆ ಗಂಟುಗಳು ಬಡವಾಗುತ್ತವೆ. ಇಷ್ಟೇ ಅಲ್ಲ, ಸೂಡೊಮೊನಾಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಅಟ್ರಜಿನ್ನನ್ನೇ ಒಡೆದು ಅದರ ಸಾರಜನಕವನ್ನು ಉಣ್ಣುತ್ತವೆ! ಮಣ್ಣು ಬೆಚ್ಚಗೆ, ಹಸಿಯಾಗಿದ್ದರೆ ಈ ಕೆಲಸ ಬೇಗ, ಒಣಗಿದರೆ ನಿಧಾನ.

ಗ್ಲೈಫೋಸೇಟಿನ ರೀತಿ ಬೇರೆ. ಅದು ತಡೆಯುವ ಶಿಕಿಮೇಟ್ ಮಾರ್ಗವು ಸಸ್ಯಗಳಲ್ಲಿರುವಂತೆ ಅನೇಕ ಬ್ಯಾಕ್ಟೀರಿಯಾಗಳಲ್ಲಿಯೂ ಇದೆ. ಕೆಲವು ತಾಳಿಕೊಳ್ಳುತ್ತವೆ, ಕೆಲವು ಸೋಲುತ್ತವೆ. ಆದುದರಿಂದ ಒಟ್ಟು ಸಂಖ್ಯೆ ಇಳಿಯದಿದ್ದರೂ ಒಳಗಿನ ಬಳಗ ಬದಲಾಗಬಹುದು. ಬರೀ ಎಣಿಕೆಯಿಂದ ಇದು ಗೊತ್ತಾಗದು.

ಇದನ್ನೆಲ್ಲ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಜ್ಜಿಯೊಬ್ಬಳಿಗೆ ಹೇಳಹೋದೆ. “ಮೊದಲ ನಮ್ಮ ಕೂಲಿ ಸತ್ತೈತಿ ತಮ್ಮಾ, ನಿನ್ನ ಹುಳಾ ಆಮ್ಯಾಲೆ ನೋಡು” ಎಂದಳು. ನನ್ನ ಪುಸ್ತಕಗಳಲ್ಲಿ ಈ ಲೆಕ್ಕವಿರಲಿಲ್ಲ.

ಅಪ್ಪನೊಡನೆ ವಾದಿಸಿ ಈ ಸಲ ಅರ್ಧ ಹೊಲ ಬಿಡಿಸಿಕೊಂಡಿದ್ದೇನೆ. ಅಲ್ಲಿ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಆ ಅಜ್ಜಿಯ ತಂಡದಿಂದಲೇ ತೆಗೆಸಿದೆವು. ಖರ್ಚು ಹೆಚ್ಚಾಯಿತೆಂದು ಅಪ್ಪನ ಮುಖ ಇನ್ನೂ ಬಿಗಿದೇ ಇದೆ. ಇನ್ನರ್ಧಕ್ಕೆ ಔಷಧವೇ. ಅಲಸಂದೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ರೈಜೋಬಿಯಂ ಲೇಪಿಸಿ, ನೆರಳಲ್ಲಿ ಆರಿಸಿ, ಎರಡೂ ಕಡೆ ಬಿತ್ತುವೆವು. ಹೂ ಬಿಡುವ ಹೊತ್ತಿಗೆ ಎರಡೂ ಕಡೆಯಿಂದ ಹತ್ತು ಹತ್ತು ಗಿಡ ಕಿತ್ತು ಗಂಟುಗಳನ್ನು ಸೀಳಿ ನೋಡಬೇಕು.