ತಪ್ಪು ಅವನ ನೆಟ್‌ನದ್ದಲ್ಲ

ನಾವು ನಾಲ್ವರು ಪಿಯುಸಿಯಿಂದಲೂ ಜೊತೆಗೆ ಮೈನ್‌ಕ್ರಾಫ್ಟ್ ಜಾವಾ ಎಡಿಷನ್ ಆಡೋರು. ಈ ಸೆಮ್‌ನಲ್ಲಿ ಒಬ್ಬ ಕಾಲು ಮುರಿದುಕೊಂಡು ಶಿರಸಿಯ ಮನೆಯಲ್ಲಿ ಮಲಗಿದ್ದಾನೆ. ರಾತ್ರಿ ಒಂದು ಗಂಟೆ ಒಟ್ಟಿಗೆ ಆಡಿದರೆ ಅವನಿಗೆ ಬೇಜಾರು ಕಳೆಯುತ್ತೆ ಅಂದುಕೊಂಡ್ವಿ. ನಾವು ಮೂವರು ಒಂದೇ ರೂಮ್, ಒಂದೇ ವೈಫೈ. ನಮಗೆ ಸಲೀಸಾಗಿ ಕನೆಕ್ಟ್ ಆಗ್ತಿತ್ತು, ಅವನಿಗೆ ಮಾತ್ರ ಇಲ್ಲ. ‘ನಿನ್ನ ನೆಟ್ ಸರಿ ಇಲ್ಲ ಕಣೋ’ ಅಂತ ಒಂದು ವಾರ ಅವನನ್ನೇ ಬೈದ್ವಿ. ಅವನು ಬೇರೆ ಸಿಮ್ ಹಾಕಿ ನೋಡಿದ, ದುಡ್ಡು ಕೊಟ್ಟು ದೊಡ್ಡ ಡೇಟಾ ಪ್ಯಾಕ್ ಹಾಕಿಸಿದ. ಕೊನೆಗೆ ‘ನೀವೇ ಆಡ್ಕೊಳ್ರೋ’ ಅಂತ ಸುಮ್ಮನಾದ.

ತಪ್ಪು ಇದ್ದದ್ದು ನಮ್ಮ ಕಡೆ. ಅದನ್ನು ಹುಡುಕಿದ ಕ್ರಮವನ್ನು ಇಲ್ಲಿ ಬರೀತಿದ್ದೀವಿ.

1. ಮೊದಲು ಎರರ್ ಓದಿ

‘ಕನೆಕ್ಷನ್ ರಿಫ್ಯೂಸ್ಡ್’ ಅಂದ್ರೆ ಸಾಮಾನ್ಯವಾಗಿ ಕಂಪ್ಯೂಟರ್ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಗೇಮ್ ಇಲ್ಲ. ಪೋರ್ಟ್ ನಂಬರ್ ನೋಡಿ. ಸರ್ವರ್‌ಗೆ ರೂಢಿಯ ಪೋರ್ಟ್ 25565. ‘ಓಪನ್ ಟು ಲ್ಯಾನ್’ ಕೊಟ್ಟರೆ ಬೇರೆ ನಂಬರ್ ಬರಬಹುದು, ಅದು ಚಾಟ್‌ನಲ್ಲಿ ಕಾಣುತ್ತೆ. ‘ಟೈಮ್ಡ್ ಔಟ್’ ಅಂದ್ರೆ ಉತ್ತರವೇ ಬಂದಿಲ್ಲ. ದಾರಿಯಲ್ಲೇ ಎಲ್ಲೋ ತಡೆ ಇದೆ, ಇಲ್ಲವೇ ಅಡ್ರೆಸ್ಸೇ ತಪ್ಪು. ಅವನಿಗೆ ಬರ್ತಿದ್ದದ್ದು ಇದೇ.

2. ಒಂದೇ ರೂಮಿನಲ್ಲಿ ಟೆಸ್ಟ್ ಮಾಡಿ

ಪಕ್ಕದ ಲ್ಯಾಪ್‌ಟಾಪ್‌ಗೂ ಕನೆಕ್ಟ್ ಆಗದಿದ್ದರೆ ಫೈರ್‌ವಾಲ್ ನೋಡಿ. ಅದನ್ನು ಪೂರ್ತಿ ಆಫ್ ಮಾಡಬೇಡಿ, ಜಾವಾಗೆ ಮಾತ್ರ ಅನುಮತಿ ಕೊಡಿ. ಕೆಲವು ಹಾಸ್ಟೆಲ್ ವೈಫೈಗಳಲ್ಲಿ ಒಂದು ಲ್ಯಾಪ್‌ಟಾಪ್ ಇನ್ನೊಂದನ್ನು ನೋಡದಂತೆ ತಡೆದಿರುತ್ತಾರೆ. ಹಾಗಿದ್ದರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಟೆಸ್ಟ್ ಮಾಡಿ.

3. ಯಾವ ಅಡ್ರೆಸ್ ಕೊಟ್ಟಿದ್ದೀರಿ?

ನಾವು ಅವನಿಗೆ ಕಳಿಸಿದ್ದು 192.168.1.7. ಇದು ಬರೀ ರೂಮ್ ನಂಬರ್ ಇದ್ದಂತೆ. ‘ರೂಮ್ ನಂಬರ್ 7’ ಅಂತ ಮಾತ್ರ ಬರೆದು ಪೋಸ್ಟ್ ಮಾಡಿದ ಕಾಗದ ಯಾವ ಹಾಸ್ಟೆಲ್‌ಗೆ ಹೋಗಬೇಕು? 192.168 ಮತ್ತು 10ರಿಂದ ಶುರುವಾಗೋ ಅಡ್ರೆಸ್‌ಗಳು ಒಳಗಿನ ಬಳಕೆಗೆ ಮಾತ್ರ. ಹೊರಗಿನವರಿಗೆ ರೂಟರ್‌ನ ಪಬ್ಲಿಕ್ ಐಪಿ ಕೊಡಬೇಕು, ಜೊತೆಗೆ ರೂಟರ್‌ನಲ್ಲಿ ಆ ಪೋರ್ಟನ್ನು ನಮ್ಮ ಲ್ಯಾಪ್‌ಟಾಪ್‌ಗೆ ಫಾರ್ವರ್ಡ್ ಮಾಡಬೇಕು.

4. ಎರಡು ನಂಬರ್ ಹೋಲಿಸಿ

ಅದನ್ನೂ ಮಾಡಿದ್ವಿ, ಮತ್ತೆ ಟೈಮ್ಡ್ ಔಟ್. ಆಗ ರೂಟರ್ ಪೇಜ್ ತೆರೆದು ನೋಡಿದರೆ ರೂಟರ್‌ನ ಹೊರಗಿನ ಐಪಿ 100.72ರಿಂದ ಶುರುವಾಗಿತ್ತು. ಆದರೆ ಬ್ರೌಸರ್‌ನಲ್ಲಿ ‘ನನ್ನ ಐಪಿ ಯಾವುದು’ ಅಂತ ಕೇಳಿದಾಗ ಬಂದದ್ದು ಬೇರೆ ನಂಬರ್!

ಇದಕ್ಕೆ ಸಿಜಿನ್ಯಾಟ್ ಅಂತಾರೆ. 32 ಬಿಟ್‌ನ ಐಪಿವಿ4ನಲ್ಲಿ ಒಟ್ಟು ಸುಮಾರು 430 ಕೋಟಿ ಅಡ್ರೆಸ್ ಮಾತ್ರ. ಅವು ಸಾಲದೆ ಇಂಟರ್ನೆಟ್ ಕೊಡೋರು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತಾರೆ. 100.64ರಿಂದ 100.127ರವರೆಗಿನ ಅಡ್ರೆಸ್‌ಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಈಗ ಕಾಗದ ಹಾಸ್ಟೆಲ್ ಗೇಟಿನವರೆಗೂ ಬರುತ್ತೆ, ಆದರೆ ಯಾರಿಗೆ ಕೊಡಬೇಕು ಅಂತ ವಾಚ್‌ಮನ್‌ಗೆ ಗೊತ್ತಿಲ್ಲ. ನಮ್ಮ ರೂಟರ್‌ನಲ್ಲಿ ಎಷ್ಟು ಸೆಟ್ಟಿಂಗ್ ಬದಲಿಸಿದರೂ ಆ ಗೇಟ್ ತೆರೆಯಲ್ಲ.

5. ದಾರಿ ಹೇಗೆ ಸಿಕ್ಕಿತು

ಪಬ್ಲಿಕ್ ಐಪಿ ಬೇಕು ಅಂತ ಇಂಟರ್ನೆಟ್ ಕೊಡೋರನ್ನು ಕೇಳಬಹುದು, ಅದಕ್ಕೆ ದುಡ್ಡು ಕೇಳಬಹುದು. ನಾವು ಝೀರೋಟಿಯರ್ ಹಾಕಿಕೊಂಡ್ವಿ. ಒಂದು ನೆಟ್‌ವರ್ಕ್ ಮಾಡಿ, ಅದರ 16 ಅಕ್ಷರದ ಐಡಿಯನ್ನು ಅವನಿಗೆ ಕಳಿಸಿ, ಅವನು ಸೇರಿದ ಮೇಲೆ ಅನುಮತಿ ಕೊಟ್ವಿ. ಒಳಗಿನಿಂದ ಹೊರಗೆ ಹೋದ ಮಾತಿಗೆ ಬರೋ ಉತ್ತರವನ್ನು ರೂಟರ್ ತಡೆಯಲ್ಲ. ಇಲ್ಲಿ ಎರಡೂ ಕಡೆಯಿಂದ ಮೊದಲು ಹೊರಗೆ ಮಾತು ಹೋಗುತ್ತೆ, ಹಾಗಾಗಿ ದಾರಿ ಸಿಗುತ್ತೆ. ಆಮೇಲೆ ಝೀರೋಟಿಯರ್ ಕೊಟ್ಟ ಅಡ್ರೆಸ್, ಒಂದು ಕೋಲನ್, ಪೋರ್ಟ್ ನಂಬರ್ ಹಾಕಿದರೆ ಆಯ್ತು. ನೇರ ದಾರಿ ಸಿಗದಿದ್ದರೆ ಮಧ್ಯದ ಸರ್ವರ್ ಮೂಲಕ ಸುತ್ತಿ ಹೋಗುತ್ತೆ, ಆಗ ಪಿಂಗ್ ಏರುತ್ತೆ. ಮೊದಲು ಫಾರ್ವರ್ಡ್ ಮಾಡಿದ್ದ ಪೋರ್ಟನ್ನು ಮರೆಯದೆ ಮುಚ್ಚಿ.

ಆ ರಾತ್ರಿ ಅವನು ಒಳಗೆ ಬಂದ. ಮೊದಲು ಮಾಡಿದ ಕೆಲಸ ನಮ್ಮ ಮನೆಯ ಬಾಗಿಲು ಒಡೆದದ್ದು. ‘ನನ್ನ ಡೇಟಾ ಪ್ಯಾಕ್ ದುಡ್ಡು ಯಾರ್ ಕೊಡ್ತೀರಾ?’ ಅಂತ ಚಾಟ್‌ನಲ್ಲಿ ಕೇಳಿದ. ಮೂವರೂ ಸೇರಿ ಕೊಟ್ವಿ.

ನಿಮ್ಮ ಗೆಳೆಯನಿಗೂ ಕನೆಕ್ಟ್ ಆಗ್ತಿಲ್ವಾ? ಅವನ ನೆಟ್ ಬೈಯೋ ಮೊದಲು ನಿಮ್ಮ ಕಡೆಯಿಂದ ಶುರು ಮಾಡಿ.