ಮರಳಿ ಬಂದವರ ಗುರುತು



ಚನ್ನಪಟ್ಟಣದ ಗೊಂಬೆಯಂಗಡಿಗೆ ಎರಡನೆಯ ಸಾರಿ ಹೋದವರನ್ನು ಅಂಗಡಿಯವರು, "ಬನ್ನಿ ತಾಯಿ, ಹೋದ ಸಾರಿ ಬುಗುರಿ ಕೊಂಡಿರಲ್ಲವೇ?" ಎಂದು ವಿಚಾರಿಸುವುದುಂಟು. ಮುಖವನ್ನು ನೋಡಿ, ದನಿಯನ್ನು ಕೇಳಿ ಮನುಷ್ಯರು ಮನುಷ್ಯರನ್ನು ಗುರುತಿಸುವ ಬಗೆ ಇದು. ಅದೇ ಬುಗುರಿಯನ್ನು ಅಂತರಜಾಲದ ಅಂಗಡಿಯಲ್ಲಿ ನೋಡಿ, ಕೊಳ್ಳದೆ ಬಿಟ್ಟು, ಮರುದಿನ ಪುನಃ ಅಲ್ಲಿಗೆ ಹೋದರೆ, ಆ ಅಂಗಡಿಯೂ ನಿನ್ನೆ ನೋಡಿದ ಬುಗುರಿಯನ್ನೇ ಮುಂದಿಡುವುದುಂಟು. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಹೀಗಿರಲು ಬಂದವರ ಗುರುತು ಅದಕ್ಕೆ ಹೇಗಾಯಿತು? ಮಕ್ಕಳಂತೆಯೇ ಮನೆಯ ಹಿರಿಯರೂ ತಿಳಿದಿರಬೇಕಾದ ವಿಷಯವಿದಾದುದರಿಂದ ಇಲ್ಲಿ ಪಾಠರೂಪವಾಗಿ ಬರೆಯುತ್ತೇವೆ.

ಮೊದಲು ತಿಳಿಯತಕ್ಕದ್ದು ಇದು: ಜಾಲತಾಣದ ವ್ಯವಹಾರಕ್ಕೆ ಸ್ವಭಾವತಃ ಜ್ಞಾಪಕವಿಲ್ಲ. ಪುಟವನ್ನು ಕೇಳಿದರೆ ಕೊಡುತ್ತದೆ. ಎರಡನೆಯ ಪುಟವನ್ನು ಕೇಳಿದಾಗ ಮೊದಲು ಕೇಳಿದವರೂ ಇವರೇ ಎಂಬುದು ಅದಕ್ಕೆ ತಿಳಿಯದು. ಈ ಕೊರತೆಯನ್ನು ನೀಗಿಸಲು 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಲೂ ಮೊಂಟುಲಿ ಎಂಬ ತರುಣರು ಒಂದು ಉಪಾಯವನ್ನು ಕಂಡುಹಿಡಿದರು. ಅದರ ಹೆಸರು 'ಕುಕಿ'. ತಮ್ಮ ತಾಣಕ್ಕೆ ಬಂದವರು ಮೊದಲೂ ಬಂದಿದ್ದರೋ ಇಲ್ಲವೋ ಎಂದು ತಿಳಿಯುವುದೇ ಅದರ ಮೊದಲ ಉಪಯೋಗವಾಗಿತ್ತು.

ಈ ಉಪಾಯಕ್ಕೆ ನಮ್ಮ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯು ಒಳ್ಳೆಯ ಉಪಮಾನ. ಅಲ್ಲಿ ರೈತನು ತಂದ ಗೂಡಿಗೆ ಒಂದು ಲಾಟಿನ ಸಂಖ್ಯೆ ದೊರೆಯುತ್ತದೆ. ಮುಂದಿನ ಹರಾಜು, ತೂಕ, ಲೆಕ್ಕಗಳೆಲ್ಲ ಆ ಸಂಖ್ಯೆಯನ್ನು ಹಿಡಿದೇ ನಡೆಯುತ್ತವೆ. ಅದರಂತೆಯೇ ಜಾಲತಾಣವು ಮೊದಲ ಭೇಟಿಯಲ್ಲಿ ಒಂದು ಸಂಖ್ಯೆಯುಳ್ಳ ಚಿಕ್ಕ ಚೀಟಿಯನ್ನು ನಮ್ಮ ಫೋನಿನ ಅಥವಾ ಕಂಪ್ಯೂಟರಿನ ಬ್ರೌಸರಿಗೆ ಕೊಟ್ಟು ಕಳುಹಿಸುತ್ತದೆ. ನಾವು ಮರಳಿ ಹೋದಾಗ ಬ್ರೌಸರು ನಮ್ಮನ್ನು ಕೇಳದೆಯೇ ಆ ಚೀಟಿಯನ್ನು ತೋರಿಸುತ್ತದೆ. ತಾಣವು ತನ್ನ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಹುಡುಕಿ, ಹಿಂದೆ ನಡೆದುದನ್ನು ತಿಳಿದುಕೊಳ್ಳುತ್ತದೆ. ಕೆಲವು ಚೀಟಿಗಳು ಬ್ರೌಸರನ್ನು ಮುಚ್ಚಿದೊಡನೆ ಅಳಿಯುತ್ತವೆ. ಕೆಲವಕ್ಕೆ ತಿಂಗಳುಗಟ್ಟಲೆ ಅವಧಿಯಿರುತ್ತದೆ. ಇನ್ನು ಕೆಲವನ್ನು ನಾವು ನೋಡುವ ತಾಣವಲ್ಲ, ಅದರಲ್ಲಿ ಜಾಹೀರಾತನ್ನಿಡುವ ಮೂರನೆಯವರು ಕೊಟ್ಟಿರುತ್ತಾರೆ. ಒಂದೆಡೆ ನೋಡಿದ ವಸ್ತುವಿನ ಜಾಹೀರಾತು ಮತ್ತೊಂದೆಡೆ ನಮ್ಮನ್ನು ಹಿಂಬಾಲಿಸಿ ಬರುವುದಕ್ಕೆ ಇದೂ ಒಂದು ಕಾರಣ.

ಈಗ ಪಾಠದ ಸಾರಕ್ಕೆ ಬರೋಣ. ಚೀಟಿಯು ಗುರುತಿಸುವುದು ಬ್ರೌಸರನ್ನು. ಅದನ್ನು ಹಿಡಿದ ಕೈಯನ್ನಲ್ಲ. ಒಬ್ಬಳೇ ಹುಡುಗಿ ಬೆಳಿಗ್ಗೆ ತಂದೆಯ ಫೋನಿನಲ್ಲಿಯೂ ಸಂಜೆ ಅಣ್ಣನ ಫೋನಿನಲ್ಲಿಯೂ ಓದಿದರೆ ತಾಣಕ್ಕೆ ಅವಳು ಇಬ್ಬರು. ಮಾಗಡಿಯ ಒಂದು ಮನೆಯಲ್ಲಿ ನಾಲ್ವರು ಒಂದೇ ಫೋನನ್ನು ಬಳಸಿದರೆ ಆ ನಾಲ್ವರೂ ಅದಕ್ಕೆ ಒಬ್ಬರೇ.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು ಮಕ್ಕಳಿಗೆ. ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು ಒಳಹೊಕ್ಕ ಮೇಲೆ ಚೀಟಿಯು ನಿಮ್ಮ ಹೆಸರಿಗೇ ಸಾಕ್ಷಿ ನುಡಿಯುತ್ತದೆ. ಕನಕಪುರದ ಸೈಬರ್ ಅಂಗಡಿಯಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿ, 'ಲಾಗ್ ಔಟ್' ಮಾಡದೆ ಎದ್ದು ಬಂದರೆ, ಆಮೇಲೆ ಆ ಕುರ್ಚಿಯಲ್ಲಿ ಕುಳಿತವರನ್ನು ತಾಣವು ನೀವೆಂದೇ ತಿಳಿಯುವ ಸಂಭವವುಂಟು. ನಿಮ್ಮ ಆಧಾರ್, ಬ್ಯಾಂಕಿನ ವಿವರಗಳು ಅನ್ಯರ ಕಣ್ಣಿಗೆ ಬೀಳಬಹುದು. ಆದುದರಿಂದ ಲಾಗ್ ಔಟ್ ಮಾಡದೆ ಏಳತಕ್ಕದ್ದಲ್ಲ.

ಎರಡನೆಯದು ಪೋಷಕರಿಗೆ. ಮನೆಯ ಫೋನಿನಲ್ಲಿ ಒಂದು ಅಸಭ್ಯವಾದ ಜಾಹೀರಾತು ಕಂಡಿತೆಂದು, ಹಿಂದಿನ ದಿನ ಅದನ್ನು ಹಿಡಿದಿದ್ದ ಮಗಳ ಮೇಲೆ ಸಂಶಯಪಡುವುದು ನ್ಯಾಯವಲ್ಲ. ಅದು ಮನೆಯ ಬೇರೊಬ್ಬರ ಹುಡುಕಾಟದಿಂದ ಬಂದಿರಬಹುದು. ಯಾರೂ ಏನೂ ಹುಡುಕದೆಯೂ ಬಂದಿರಬಹುದು. ಯಂತ್ರದ ಈ ಕುರುಡು ಸಾಕ್ಷಿಯನ್ನು ನಂಬಿ ಫೋನನ್ನು ಕಸಿದುಕೊಂಡರೆ, ಫೋನಿನೊಡನೆ ಅವಳ ಪಾಠವೂ ಹೋಗುತ್ತದೆ. ಗಂಡುಮಗನನ್ನು ಕೇಳದ ಪ್ರಶ್ನೆಗಳಿಗೆ ಹೆಣ್ಣುಮಗಳು ಉತ್ತರ ಹೇಳಬೇಕಾಗುತ್ತದೆ.

ಚೀಟಿಗಳನ್ನು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅಳಿಸಬಹುದು. ಖಾಸಗಿ ಕಿಟಕಿಯಲ್ಲಿ ಓದಿದರೆ ಅದನ್ನು ಮುಚ್ಚಿದಾಗ ಅಲ್ಲಿ ಸೇರಿದ ಚೀಟಿಗಳು ಅಳಿಯುತ್ತವೆ. ಆದರೂ ಗುರುತು ಪೂರ್ತಿಯಾಗಿ ಮಾಯವಾಗದು. ಪರದೆಯ ಅಳತೆ, ಅಕ್ಷರಮಾದರಿ ಮೊದಲಾದ ಲಕ್ಷಣಗಳನ್ನು ಕೂಡಿಸಿಯೂ ಒಂದು ಬ್ರೌಸರನ್ನು ಗುರುತಿಸಬಹುದು. 2010ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಪ್ರಕಟಿಸಿದ ಪರೀಕ್ಷೆಯಲ್ಲಿ, ಸುಮಾರು 4,70,000 ಬ್ರೌಸರುಗಳ ಪೈಕಿ ನೂರಕ್ಕೆ 83ಕ್ಕಿಂತ ಹೆಚ್ಚಿನವು ತಮ್ಮಂಥ ಇನ್ನೊಂದಿಲ್ಲದವುಗಳಾಗಿದ್ದುವು.

ಇಂಥಲ್ಲಿ ಕಾನೂನಿನ ಆಸರೆಯೂ ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೆಣಿಸಿ, ಅವರ ನಡವಳಿಕೆಯನ್ನು ಹಿಂಬಾಲಿಸಿ ನೋಡುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಈ ಭಾಗವು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿಯನ್ನು ಇಟ್ಟಿದ್ದಾರೆ.

ಹೊರಗಿನವರು ಮಕ್ಕಳ ಬೆನ್ನುಹತ್ತಬಾರದೆಂದು ಕಾನೂನು ಹೇಳಬಲ್ಲದು. ಆದರೆ ಮನೆಯೊಳಗಿನ ವಿಶ್ವಾಸವನ್ನು ಯಾವ ಕಾಯಿದೆಯೂ ತಂದುಕೊಡಲಾರದು. ಫೋನಿನಲ್ಲಿ ಏನಾದರೂ ಕಂಡು ಮನಸ್ಸಿಗೆ ಕಳವಳವಾದರೆ ಮಗಳನ್ನು ಹತ್ತಿರ ಕೂರಿಸಿಕೊಂಡು ಸಮಾಧಾನವಾಗಿ ವಿಚಾರಿಸಿರಿ. ಅವಳ ಮಾತನ್ನು ಪೂರ್ತಿ ಕೇಳಿರಿ. ಅವಳನ್ನು ಹುಟ್ಟಿದಂದಿನಿಂದ ಬಲ್ಲವರು ನೀವು. ಚೀಟಿಯು ಬಲ್ಲದ್ದು ಒಂದು ಸಂಖ್ಯೆಯನ್ನು ಮಾತ್ರ.