ಬ್ರೌಸರು ಮಂದವಾದಾಗ ಮಾಡತಕ್ಕ ಪರೀಕ್ಷೆ

ವಿದ್ಯಾರ್ಥಿನಿಯರೇ,

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಗಣಕಯಂತ್ರವುಳ್ಳ ಮನೆಗಳಲ್ಲಿ ಅದು ಸಾಮಾನ್ಯವಾಗಿ ಒಂದೇ ಇರುತ್ತದೆ. ತಂದೆಯ ಲೆಕ್ಕಪತ್ರ, ಅಣ್ಣನ ಉದ್ಯೋಗದ ಅರ್ಜಿ, ನಿಮ್ಮ ವಿದ್ಯಾರ್ಥಿವೇತನದ ಅರ್ಜಿ ಇವೆಲ್ಲವೂ ಅದರ ಮೂಲಕವೇ ಸಾಗತಕ್ಕವು. ಅದು ಮಂದವಾದೊಡನೆ "ಹುಡುಗಿ ಮುಟ್ಟಿದ್ದರಿಂದಲೇ ಕೆಟ್ಟಿತು" ಎಂಬ ಮಾತು ಹುಟ್ಟುವದೂ, ಮರುದಿನದಿಂದ ಅವಳಿಗೆ ಅದನ್ನು ಮುಟ್ಟಗೊಡದಿರುವದೂ ಕೆಲವು ಮನೆಗಳಲ್ಲಿ ಉಂಟು. ಕಾರಣವನ್ನು ಬಲ್ಲವಳು ಇಂಥ ಮಾತಿಗೆ ಶಾಂತವಾಗಿ ಉತ್ತರ ಕೊಡಬಲ್ಲಳು. ಆದಕಾರಣ ಈ ಪಾಠವನ್ನು ಗಮನವಿಟ್ಟು ಓದಿರಿ.

೧. ಬ್ರೌಸರ್ ಎಂದರೇನು?

ದೂರದ ಯಂತ್ರದಲ್ಲಿರುವ ಪುಟವನ್ನು ತರಿಸಿ, ಅದರ ಅಕ್ಷರ, ಚಿತ್ರ, ಗುಂಡಿಗಳನ್ನು ಜೋಡಿಸಿ ನಮ್ಮ ಕಣ್ಣಿಗೆ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎಂದು ಹೆಸರು. ಮೊದಲನೆಯ ಬ್ರೌಸರನ್ನು ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವಾದ ಸಮೀಪದ ಸರ್ನ್ ಸಂಶೋಧನಾಲಯದಲ್ಲಿ ೧೯೯೦ರಲ್ಲಿ ರಚಿಸಿದರು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು. ಈಗ ಮನೆಗಳಲ್ಲಿ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಂಬವು ಹೆಚ್ಚಾಗಿ ಬಳಕೆಯಲ್ಲಿವೆ.

ಪುಟವು ನಮ್ಮನ್ನು ಮುಟ್ಟುವದಕ್ಕೆ ಮೂರು ಸ್ಥಾನಗಳನ್ನು ದಾಟತಕ್ಕದ್ದು: ಪುಟವಿರುವ ದೂರದ ಸರ್ವರು, ನಡುವಣ ದಾರಿ, ಮನೆಯ ಯಂತ್ರ. ತಡವು ಈ ಮೂರರಲ್ಲಿ ಎಲ್ಲಿಯಾದರೂ ಆಗಬಹುದು.

೨. ದೋಷದ ಸ್ಥಾನವನ್ನು ಗುರುತಿಸುವ ಕ್ರಮ

ಸ್ಥಾನವನ್ನು ತಿಳಿಯದೆ ಮದ್ದು ಮಾಡುವದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಆದುದರಿಂದ ಮೊದಲು ಮೂರು ಪರೀಕ್ಷೆಗಳನ್ನು ಮಾಡಿರಿ.

ಮೊದಲನೆಯದು: ಬೇರೊಂದು ಜಾಲತಾಣವನ್ನು ತೆರೆಯಿರಿ. ಅದು ಬೇಗನೆ ತೆರೆದರೆ ದೋಷವು ಹೆಚ್ಚಾಗಿ ಮೊದಲಿನ ತಾಣದ್ದು. ಹತ್ತನೆಯ ತರಗತಿಯ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಂದೇ ಬಾಗಿಲನ್ನು ತಟ್ಟುವಾಗ ಸರ್ವರು ತಡೆಯುವದು ಸಹಜ. ಆಗ ಸ್ವಲ್ಪ ಕಾಯುವದೇ ಉಪಾಯ. ಅರ್ಜಿಯನ್ನಾದರೋ ಕಡೆಯ ದಿನದ ವರೆಗೆ ಬಿಡದೆ ಮುಂಚಿತವಾಗಿ ಸಲ್ಲಿಸುವದು ಲೇಸು.

ಎರಡನೆಯದು: ಎಲ್ಲ ತಾಣಗಳೂ ಮಂದವಾಗಿದ್ದರೆ ಅದೇ ಪುಟವನ್ನು ಮೊಬೈಲ್ ಫೋನಿನ ಡಾಟಾದಲ್ಲಿ ನೋಡಿರಿ. ಫೋನಿನಲ್ಲಿ ಬೇಗ ಬಂದರೆ ದೋಷವು ಮನೆಯ ಸಂಪರ್ಕದ್ದಾಗಲಿ ಯಂತ್ರದ್ದಾಗಲಿ ಆಗಿರಬೇಕು. ಫೋನನ್ನು ಮನೆಯ ವೈಫೈಗೇ ಜೋಡಿಸಿ ಮತ್ತೆ ನೋಡಿದರೆ ಈ ಎರಡರಲ್ಲಿ ಯಾವದೆಂಬದು ತಿಳಿಯುವದು. ವೈಫೈಯಲ್ಲಿಯೂ ಬೇಗ ಬಂದರೆ ಸಂಪರ್ಕವು ಸರಿಯಾಗಿದೆ, ಯಂತ್ರವನ್ನೇ ನೋಡತಕ್ಕದ್ದು. ಜೋಯಿಡಾದ ಕಾಡಿನ ಊರುಗಳಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ, ಟವರಿಗೂ ಬಲ ಸಾಲದು. ಆಗ ಯಂತ್ರವನ್ನು ದೂರಿ ಫಲವಿಲ್ಲ.

ಮೂರನೆಯದು: ಅದೇ ಯಂತ್ರದಲ್ಲಿ ಇನ್ನೊಂದು ಬ್ರೌಸರಿನಿಂದ ನೋಡಿರಿ. ಅದರಲ್ಲಿ ಸರಿಯಾಗಿದ್ದರೆ ದೋಷವು ಮೊದಲಿನ ಬ್ರೌಸರಿನದೇ. ಎರಡೂ ಮಂದವಾಗಿದ್ದರೆ ಯಂತ್ರದ ಮೇಲೆ ಭಾರ ಹೆಚ್ಚಾಗಿದೆಯೆಂದು ತಿಳಿಯಿರಿ.

೩. ಮನೆಯ ಯಂತ್ರದ ದೋಷಗಳೂ ಅವುಗಳ ನಿವಾರಣೆಯೂ

(ಅ) ಟ್ಯಾಬುಗಳ ಭಾರ. ತೆರೆದಿಟ್ಟ ಪ್ರತಿಯೊಂದು ಟ್ಯಾಬೂ ಯಂತ್ರದ ಸ್ಮರಣಶಕ್ತಿಯಲ್ಲಿ ಪಾಲು ಬೇಡುತ್ತದೆ. ೨ ಅಥವಾ ೪ ಜಿಬಿ ಸ್ಮರಣೆಯುಳ್ಳ ಹಳೆಯ ಯಂತ್ರದಲ್ಲಿ ಇಪ್ಪತ್ತು ಟ್ಯಾಬುಗಳನ್ನು ತೆರೆದರೆ ಅದು ನಿಧಾನವಾದ ಡಿಸ್ಕನ್ನು ಸ್ಮರಣೆಯಂತೆ ಬಳಸತೊಡಗಿ ತಡವರಿಸುವದು. ಬೇಡವಾದವುಗಳನ್ನು ಮುಚ್ಚಿರಿ. ಕ್ರೋಮಿನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಾವ ಪುಟವು ಎಷ್ಟು ನುಂಗುತ್ತಿದೆ ಎಂಬ ಪಟ್ಟಿ ಕಾಣುವದು.

(ಆ) ಎಕ್ಸ್‌ಟೆನ್ಷನ್‌ಗಳು. ಇವು ಬ್ರೌಸರಿಗೆ ಹೊರಗಿನಿಂದ ಅಂಟಿಸಿದ ಸಹಾಯಕರು. ಕೆಲವು ಕರೆಯದೆ ಬಂದ ಅತಿಥಿಗಳಂತೆ ಬೇರೆ ತಂತ್ರಾಂಶದ ಜೊತೆಯಲ್ಲಿ ಒಳಹೊಕ್ಕಿರುತ್ತವೆ. ನೀವು ಬದಲಿಸದಿದ್ದರೂ ಮುಖಪುಟವು ಬದಲಾಗುವದೂ, ಎಲ್ಲೆಲ್ಲಿಯೂ ಜಾಹೀರಾತು ಏಳುವದೂ ಇವುಗಳ ಲಕ್ಷಣ. ಖಾಸಗಿ ಕಿಟಕಿಯಲ್ಲಿ ಇವು ಸಾಮಾನ್ಯವಾಗಿ ನಡೆಯವು. ಅಲ್ಲಿ ಪುಟವು ಬೇಗ ತೆರೆದರೆ ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ತಪ್ಪಿತಸ್ಥನನ್ನು ಹಿಡಿಯಿರಿ.

(ಇ) ಹಳೆಯ ಸಂಗ್ರಹ. ಮತ್ತೆ ಮತ್ತೆ ತರಿಸುವ ಶ್ರಮ ತಪ್ಪಲೆಂದು ಬ್ರೌಸರು ಪುಟದ ಭಾಗಗಳನ್ನು ಕೂಡಿಡುತ್ತದೆ. ಇದಕ್ಕೆ ಕ್ಯಾಶ್ ಎಂದು ಹೆಸರು. ಹಳೆಯ ತುಣುಕು ಹೊಸ ಪುಟದೊಂದಿಗೆ ಬೆರೆತಾಗ ಗುಂಡಿಗಳು ಕೆಲಸ ಮಾಡವು. ಕಂಟ್ರೋಲ್ ಮತ್ತು ಎಫ್-೫ ಒತ್ತಿದರೆ ಆ ಪುಟವು ಹೊಸದಾಗಿ ಬರುವದು. ಅಷ್ಟಕ್ಕೆ ಸರಿಯಾಗದಿದ್ದರೆ ಕಂಟ್ರೋಲ್, ಶಿಫ್ಟ್, ಡಿಲೀಟ್ ಒತ್ತಿ ಸಂಗ್ರಹವನ್ನು ಅಳಿಸಿರಿ. ಆಗ ಪಾಸ್‌ವರ್ಡ್ ಎಂಬ ಚೌಕಕ್ಕೆ ಗುರುತು ಹಾಕಲಾಗದು. ಯಾಕಂದರೆ ಮನೆಯವರೆಲ್ಲರ ಗುಪ್ತಪದಗಳೂ ಅಳಿದುಹೋದಾವು. ಕುಕೀಗಳನ್ನು ಅಳಿಸಿದರೆ ತಾಣಗಳಿಗೆ ಮತ್ತೆ ಪ್ರವೇಶಿಸಬೇಕಾಗುವದು. ಅರ್ಧ ತುಂಬಿದ ಅರ್ಜಿಯಿರುವಾಗ ಈ ಕೆಲಸಕ್ಕೆ ಕೈಹಾಕಬೇಡಿರಿ.

(ಈ) ತಪ್ಪು ಗಡಿಯಾರ. ಯಂತ್ರದೊಳಗೆ ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದುಂಟು. ಅದು ಬರಿದಾಗಿದ್ದರೆ ವಿದ್ಯುತ್ತು ಹೋದ ಕೂಡಲೆ ಯಂತ್ರದ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಬೀಳುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಮುಕ್ತಾಯದ ದಿನಗಳಿವೆ. ಯಂತ್ರದ ತಾರೀಖು ಆ ಅವಧಿಯ ಹೊರಗಿದ್ದರೆ "ಸಂಪರ್ಕವು ಸುರಕ್ಷಿತವಲ್ಲ" ಎಂದು ಬ್ರೌಸರು ಬಾಗಿಲು ಮುಚ್ಚುವದು. ತಾರೀಖನ್ನು ಸರಿಪಡಿಸಿರಿ, ಬ್ಯಾಟರಿಯನ್ನು ಬದಲಿಸಿರಿ. ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ ಆ ತಾಣದೊಳಗೆ ಹೋಗತಕ್ಕದ್ದಲ್ಲ.

(ಉ) ಹಳೆಯ ತಂತ್ರಾಂಶ. ವಿಂಡೋಸ್ ೭ ಉಳ್ಳ ಯಂತ್ರಗಳಿಗೆ ೨೦೨೩ರಿಂದ ಹೊಸ ಕ್ರೋಮ್ ಬರುವದಿಲ್ಲ. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ. ಹಳೆಯ ಬ್ರೌಸರಿಗೆ ಹೊಸ ಪುಟಗಳ ಭಾಷೆ ಪೂರ್ಣವಾಗಿ ತಿಳಿಯದು.

(ಊ) ಅಕ್ಷರಗಳ ಗೊಂದಲ. ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಆ ಬರಹವು ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದದ್ದಿರಬಹುದು. ಅದರ ಲಿಪಿ ಯಂತ್ರದಲ್ಲಿಲ್ಲದಿದ್ದರೆ ಹೀಗಾಗುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆಗಳಿರುವದರಿಂದ ನಮ್ಮ ಕನ್ನಡವೂ, ಹಳಿಯಾಳದ ಕಡೆ ಕೇಳಿಬರುವ ಮರಾಠಿಯೂ, ಮುಂಡಗೋಡದ ನೆಲೆಯವರ ಟಿಬೇಟಿಯನ್ ಭಾಷೆಯೂ ಒಂದೇ ಪುಟದಲ್ಲಿ ಕಲಹವಿಲ್ಲದೆ ಇರಬಲ್ಲವು.

೪. ಒಂದು ಎಚ್ಚರಿಕೆ

"ನಿಮ್ಮ ಯಂತ್ರಕ್ಕೆ ವೈರಸ್ ಹತ್ತಿದೆ, ಕೂಡಲೆ ಈ ಸಂಖ್ಯೆಗೆ ಕರೆಮಾಡಿರಿ" ಎಂದು ಪರದೆ ತುಂಬ ಕೆಂಪಕ್ಷರಗಳು ಎದ್ದು, ಕಿರುಚುವ ಸದ್ದಾದರೆ ಅದು ವಂಚಕರ ಬಲೆ. ಕರೆ ಮಾಡಿದವರಿಂದ ಅವರು ಯಂತ್ರದ ಹಿಡಿತವನ್ನು ಪಡೆದು ಬ್ಯಾಂಕಿನ ಹಣವನ್ನು ಸೆಳೆಯುತ್ತಾರೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ಮುಚ್ಚಿರಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಿಸಬೇಡಿರಿ. ಹಣ ಹೋಗಿದ್ದರೆ ನಾಚಿಕೊಂಡು ಮುಚ್ಚಿಡದೆ ಆ ಕ್ಷಣವೇ ೧೯೩೦ ಸಂಖ್ಯೆಗೆ ತಿಳಿಸತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಸಂಗತಿಯನ್ನು ಮನೆಯ ಹಿರಿಯರಿಗೆ ನೀವೇ ಓದಿ ಹೇಳಿರಿ.

೫. ಮುಖ್ಯ ನಿಯಮ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿರಿ. ಮಾಡಿದ್ದನ್ನೂ ಅದರ ಫಲವನ್ನೂ ಪುಸ್ತಕದಲ್ಲಿ ಬರೆದಿಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದವಳಿಗೆ ಯಂತ್ರವು ಸರಿಯಾದರೂ ಯಾವದರಿಂದ ಸರಿಯಾಯಿತೆಂಬದು ತಿಳಿಯದು. ಮುಂದಿನ ಸಲ ಅವಳು ಮೊದಲಿನಿಂದಲೇ ತೊಡಗಬೇಕು. ಬರೆದಿಟ್ಟವಳಾದರೋ ಅಂಗಡಿಯ ರಿಪೇರಿಯವರ ಮುಂದೆಯೂ ಮನೆಯವರ ಮುಂದೆಯೂ ನಡೆದದ್ದನ್ನು ಕ್ರಮವಾಗಿ ಹೇಳಬಲ್ಲಳು.

ಅಭ್ಯಾಸದ ಪ್ರಶ್ನೆಗಳು

೧. ತಡವಾಗಬಹುದಾದ ಮೂರು ಸ್ಥಾನಗಳು ಯಾವವು?
೨. ಖಾಸಗಿ ಕಿಟಕಿಯಲ್ಲಿ ಪುಟವು ಬೇಗ ತೆರೆದರೆ ಏನನ್ನು ಊಹಿಸುವಿರಿ?
೩. ತಾರೀಖು ತಪ್ಪಿದ್ದರೆ ಸುರಕ್ಷಿತ ತಾಣವು ತೆರೆಯದಿರುವದೇಕೆ?
೪. ನಿಮ್ಮ ಮನೆಯ ಯಂತ್ರದಲ್ಲಿ ಮೂರು ಪರೀಕ್ಷೆಗಳನ್ನು ಮಾಡಿ ಕಂಡದ್ದನ್ನು ಹತ್ತು ಸಾಲುಗಳಲ್ಲಿ ಬರೆಯಿರಿ.